ಪಿಸಿಲಾಳ ಪತ್ರ ಪಿಸಿಲಾಳಿಗೇ

ನಮ್ಮ ವವಾವು ದ್ವೀಪದಲ್ಲಿ ಒಬ್ಬರಿಗೇ ಸೇರಿದ ವಸ್ತು ಅಂತ ಹುಡುಕುವುದು ಕಷ್ಟ. ಚಪ್ಪಲಿ ಯಾರ ಕಾಲಿಗೆ ಹಿಡಿಸಿತೋ ಅವರದು. ಕೊಡೆ ಯಾರ ಕೈಗೆ ಮೊದಲು ಸಿಕ್ಕಿತೋ ಅವರದು. ಹೀಗಿರುವಾಗ ಪಿಸಿಲಾಳ ಮನೆತನಕ್ಕೆಲ್ಲ ಸೇರಿ ಒಂದೇ ಇಮೇಲ್ ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಎಂಟು ವರ್ಷದ ಹಿಂದೆ ಅಣ್ಣ ಲಿಸಿಯಾಟೆ ಒಂದು ಪುಕ್ಕಟೆ ಕಂಪನಿಯಲ್ಲಿ ಅದನ್ನು ತೆರೆದಿದ್ದ. ಪಾಸ್‌ವರ್ಡು ಮನೆಯ ಕುದುರೆಯ ಹೆಸರು. ದಿನಾ ಸಂಜೆ ಅದೇ ಹೆಸರು ಕೂಗಿ ಕುದುರೆಯನ್ನು ಕರೆಯುತ್ತಿದ್ದರಾದ್ದರಿಂದ ಆ ಗುಟ್ಟು ಇಡೀ ಊರಿಗೆ ಗೊತ್ತಿತ್ತು.

ಆಕ್ಲೆಂಡಿನ ನೆಂಟರ ಪತ್ರ, ಶಾಲೆಯ ಪತ್ರ, ಚರ್ಚಿನ ಪತ್ರ, ಆಸ್ಟ್ರೇಲಿಯಾಕ್ಕೆ ಹಣ್ಣು ಕೀಳಲು ಹೋಗಿದ್ದ ಪಿಸಿಲಾಳ ಗಂಡನ ಪತ್ರ, ಎಲ್ಲವೂ ಬಂದು ಬೀಳುತ್ತಿದ್ದದ್ದು ಆ ಒಂದೇ ಪೆಟ್ಟಿಗೆಗೆ. ಗಂಡ 'ನನ್ನ ಮುದ್ದು ಪಿಸಿಲಾ' ಎಂದು ಶುರು ಮಾಡಿದರೆ, ಸೋದರತ್ತೆ ಟೆಲೆಸಿಯಾ ಅದನ್ನು ಹೆಂಗಸರ ನಡುವೆ ಕೂತು ಗಟ್ಟಿಯಾಗಿ ಓದಿ, "ಮುದ್ದಂತೆ ಮುದ್ದು! ದುಡ್ಡು ಯಾವಾಗ ಕಳಿಸ್ತಾನಂತೆ ಅದನ್ನ ನೋಡೋಣ" ಎನ್ನುತ್ತಿದ್ದರು. ಪಿಸಿಲಾ ಕೆಂಪಗಾಗಿ ನಗುತ್ತಿದ್ದಳು. ಅಪ್ಪನ ಅಕ್ಕ ಅಂದರೆ ನಮ್ಮಲ್ಲಿ ಮನೆಯ ದೊಡ್ಡ ತಲೆ. ಅವರಿಗೆ ಓದಬೇಡಿ ಎನ್ನುವ ಧೈರ್ಯ ಯಾರಿಗಿದೆ?

ಈ ವರ್ಷ ಜನವರಿಯಲ್ಲಿ ಪಿಸಿಲಾಳ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಅವಳಿಗೆ ನಲವತ್ತೊಂದು ವರ್ಷ. ಎರಡು ವಾರ ಸುಮ್ಮನಿದ್ದಳು. ಆಮೇಲೆ ಊರಿನ ಆರೋಗ್ಯ ಕೇಂದ್ರದ ನರ್ಸ್ ಲುಪೆಗೆ ತೋರಿಸಿದಳು. ಲುಪೆ ಅವಳ ಜೊತೆ ಓದಿದವಳು, ಮಾತಿನಲ್ಲಿ ಒರಟು, ಕೈ ಮಾತ್ರ ಹೂವು. ಪಟ್ಟಣದ ಆಸ್ಪತ್ರೆಯಲ್ಲಿ ತೆಗೆದ ಚಿತ್ರಗಳನ್ನು ಆಕ್ಲೆಂಡಿನ ತಜ್ಞ ವೈದ್ಯೆಗೆ ಕಳಿಸಿದ್ದಾಯಿತು. "ಅವರು ನಿಂಗೇ ಬರೀತಾರೆ, ಇಮೇಲ್ ಕೊಡು" ಎಂದಳು ಲುಪೆ. ಪಿಸಿಲಾ ತನಗೆ ಗೊತ್ತಿದ್ದ ಒಂದೇ ಒಂದು ಇಮೇಲನ್ನು ಬರೆದುಕೊಟ್ಟಳು.

ಆಮೇಲಿನ ಗುರುವಾರ ಚರ್ಚಿನಲ್ಲಿ ಹಾಡಿನ ಅಭ್ಯಾಸ. ಹಾಡು ಹೇಳಿಸುವವನು ಲಿಸಿಯಾಟೆಯೇ. ಆಕ್ಲೆಂಡಿನ ಚರ್ಚು ಹೊಸ ಹಾಡೊಂದನ್ನು ಇಮೇಲಿಗೆ ಕಳಿಸಿತ್ತು. ಎಲ್ಲರಿಗೂ ಕಾಣಲಿ ಎಂದು ಅವನು ತನ್ನ ಟ್ಯಾಬ್ಲೆಟ್ಟನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳುವಂತೆ ಜೋಡಿಸಿ ಪೆಟ್ಟಿಗೆ ತೆರೆದ. ಹಾಡಿನ ಪಕ್ಕದಲ್ಲಿ ಒಂದು ಜಾಹೀರಾತು: ಎದೆಯಲ್ಲಿ ಗಂಟೇ? ಅದರ ಕೆಳಗೆ ಇನ್ನೊಂದು, ಹೆಂಗಸರ ಒಳಉಡುಪಿನದು. ಅದರಲ್ಲಿದ್ದ ಹೆಂಗಸು ಗೋಡೆಯಷ್ಟು ಎತ್ತರವಾಗಿ ನಗುತ್ತಾ ನಿಂತಿದ್ದಳು.

ಮೂವತ್ತು ಜನ ಒಟ್ಟಿಗೇ ತಲೆ ತಗ್ಗಿಸಿದರು. ಅಣ್ಣ ತಂಗಿ ಇರುವ ಕಡೆ ಅಂಥ ಮಾತು, ಅಂಥ ಚಿತ್ರ ಬರಲೇಬಾರದು ಎನ್ನುವವರು ನಾವು. ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದನ್ನೂ ಅಣ್ಣ ತಂಗಿಯರು ಬಿಟ್ಟಿರುತ್ತಾರೆ. ಲಿಸಿಯಾಟೆ ಟ್ಯಾಬ್ಲೆಟ್ಟನ್ನು ಬೋರಲು ಹಾಕಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿಬಿಟ್ಟ. ಉಳಿದವರಿಗೆ ಅದು ಯಾರ ಸುದ್ದಿ ಎಂದು ಗೊತ್ತಾಗಲಿಲ್ಲ. ಪಿಸಿಲಾಳಿಗೆ ಗೊತ್ತಾಯಿತು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂದಿನಿಂದ ಅಣ್ಣ ತಂಗಿಯ ಅಂಗಳಕ್ಕೆ ಕಾಲಿಡಲಿಲ್ಲ. ಭಾನುವಾರದ ಊಟಕ್ಕೂ ಬರಲಿಲ್ಲ. ನೆಲದೊಲೆಯಲ್ಲಿ ತೆಂಗಿನಹಾಲು ಹಾಕಿ ಬೇಯಿಸಿದ ಕೆಸುವಿನೆಲೆ ಅವನಿಗೆಂದು ಎತ್ತಿಟ್ಟಿದ್ದು ಹಾಗೇ ಆರಿಹೋಯಿತು.

ಮೂರು ವಾರ ಕಳೆದ ಮೇಲೆ ಒಂದು ಬುಧವಾರ ಪಿಸಿಲಾ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಮರದ ತೊಗಟೆಯನ್ನು ಕೊಡತಿಯಿಂದ ಬಡಿದು ನಾರುಬಟ್ಟೆ ಮಾಡುತ್ತಿದ್ದಳು. ಲುಪೆ ಬಿರುಗಾಳಿಯಂತೆ ಬಂದಳು.

"ಏನೇ, ನಿಂಗೆ ಕೈ ಬಿದ್ದೋಗಿದೆಯಾ? ಡಾಕ್ಟ್ರು ಮೂರು ಪತ್ರ ಬರೆದಿದಾರಂತೆ, ಒಂದಕ್ಕೂ ಉತ್ತರ ಇಲ್ವಂತೆ. ಇವತ್ತು ಕೇಂದ್ರಕ್ಕೇ ಫೋನ್ ಮಾಡಿ ಬೈದ್ರು."

"ಮೂರು ಪತ್ರನಾ? ನಾನು ಒಂದೂ ನೋಡಿಲ್ಲ ಕಣೇ!"

"ಮುಂದಿನ ವಾರ ಗುರುವಾರ ಡಾಕ್ಟ್ರು ಪಟ್ಟಣದ ಆಸ್ಪತ್ರೆಗೇ ಬರ್ತಿದಾರೆ. ಗಂಟಿಂದ ಸೂಜೀಲಿ ಚೂರು ತೆಗೆದು ನೋಡ್ಬೇಕಂತೆ. ಬರ್ತೀನಿ ಅಂತ ಶುಕ್ರವಾರದೊಳಗೆ ಹೇಳ್ದೆ ಹೋದ್ರೆ ನಿನ್ನ ಜಾಗ ಬೇರೆಯವರಿಗೆ ಹೋಗುತ್ತೆ. ಆಮೇಲೆ ಅವರು ಬರೋದು ನಾಲ್ಕು ತಿಂಗಳಿಗೆ."

ಪಿಸಿಲಾ ಕೊಡತಿ ಕೆಳಗಿಟ್ಟಳು. "ನಾನು ಹೋಗಲ್ಲ."

"ಏನಂದೆ?"

"ಹೋಗಲ್ಲ ಅಂದೆ. ಹೋದ್ರೆ ಮತ್ತೆ ಪತ್ರ ಬರುತ್ತೆ, ಮತ್ತೆ ಆ ಗೋಡೆ ಮೇಲಿನ ಹೆಂಗಸು ಬರ್ತಾಳೆ. ನಮ್ಮಣ್ಣ ಮೂರು ವಾರದಿಂದ ನಮ್ಮ ಮನೆ ನೀರು ಮುಟ್ಟಿಲ್ಲ. ಗಂಟು ಇದ್ರೆ ಇರ್ಲಿ, ನಂಗೆ ಮಾನ ಮುಖ್ಯ."

"ಫಲಿತಾಂಶನ ಕೇಂದ್ರಕ್ಕೆ ತರಿಸ್ತೀನಿ ಬಿಡು."

"ಅಲ್ಲಿ ಗುಮಾಸ್ತೆ ಯಾರು? ನಮ್ಮತ್ತಿಗೆಯ ತಂಗಿ. ಬೆಳಿಗ್ಗೆ ಬಂದ ಸುದ್ದಿ ಮಧ್ಯಾಹ್ನ ಅಣ್ಣನ ಊಟದ ತಟ್ಟೇಲಿ ಇರುತ್ತೆ."

ಗುಮಾಸ್ತೆಯ ಬಾಯಿ ಲುಪೆಗೂ ಗೊತ್ತಿದ್ದದ್ದೇ. "ಹಾಗಾದ್ರೆ ನಿಂದೇ ಒಂದು ಇಮೇಲ್ ಮಾಡ್ಕೊ. ಬರೀ ಬೇರೆ ಇಮೇಲ್ ಆದ್ರೆ ಸಾಲ್ದು. ನಿನ್ನ ಪತ್ರದ ಒಳಗೆ ಮೂಗು ತೂರಿಸ್ದೇ ಇರೋ ಕಂಪನೀದು ಬೇಕು" ಎಂದಳು.

"ಯಾರ ಮೂಗು? ಎಲ್ಲಿ ತೂರಿಸ್ತಿದಾರೆ?" ಎಂದು ಬಾಗಿಲಲ್ಲಿ ದನಿ ಕೇಳಿಸಿತು. ಟೆಲೆಸಿಯಾ ಅತ್ತೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ ಚಾಪೆ ಸರಿಮಾಡಿಕೊಳ್ಳುತ್ತಾ ಒಳಗೆ ಬಂದರು. ಎಪ್ಪತ್ತೆರಡು ವರ್ಷದ ಆ ಹೆಂಗಸಿನ ಕಿವಿ ಇನ್ನೂ ಚುರುಕಾಗಿತ್ತು.

ಲುಪೆ ಮುಚ್ಚುಮರೆಯಿಲ್ಲದೆ ವಿಷಯ ಹೇಳಿದಳು. ಗಂಟಿನ ಸುದ್ದಿ ಅತ್ತೆಗೆ ಹೊಸದು. ಅವರು ಪಿಸಿಲಾಳ ಪಕ್ಕ ಕುಸಿದು ಕೂತು ಅವಳ ಕೈ ಹಿಡಿದುಕೊಂಡರು. ಇಮೇಲಿನ ಮಾತು ಬಂದಾಗ ಮಾತ್ರ ಹುಬ್ಬು ಮೇಲೇರಿತು.

"ಸ್ವಂತ ಪೆಟ್ಟಿಗೆ? ಯಾಕಮ್ಮ? ಈ ಮನೇಲಿ ಯಾರಿಗೆ ಏನು ಮುಚ್ಚಿಡೋದಿದೆ? ಗಂಡ ದೂರ ಇರೋವಾಗ ಹೆಂಡ್ತಿ ಪತ್ರಕ್ಕೆ ಬೀಗ ಹಾಕಿದ್ರೆ ಊರವರು ಏನಂತಾರೆ? ತಪ್ಪು ಮಾಡ್ದೋರು ತಾನೇ ಬಚ್ಚಿಡೋದು? ದೇವರಿಗೆ ಎಲ್ಲಾ ಕಾಣುತ್ತೆ."

"ದೇವರಿಗೆ ಕಂಡ್ರೆ ಕಾಣ್ಲಿ ಅತ್ತೆ. ಅವನು ಅದನ್ನ ಅಂಗಡಿಯೋರಿಗೆ ಮಾರಲ್ಲ" ಎಂದಳು ಲುಪೆ. "ನಿಮ್ಮ ಪುಕ್ಕಟೆ ಕಂಪನಿ ಮಾರುತ್ತೆ. ಅದರ ಯಂತ್ರ ಪತ್ರ ಓದಿ, ಈ ಮನೇಲಿ ಯಾರಿಗೋ ಎದೇಲಿ ಗಂಟಿದೆ ಅಂತ ಲೆಕ್ಕ ಹಾಕ್ತು. ಜಾಹೀರಾತಿನೋರು ಅದಕ್ಕೆ ದುಡ್ಡು ಕೊಟ್ರು. ಆ ಚಿತ್ರ ಚರ್ಚಿನ ಗೋಡೆ ಮೇಲೆ ಬಂದಿದ್ದು ಹಂಗೆ."

"ಅಯ್ಯೋ, ಅದು ಇವಳಿಗಾಗಿ ಬಂದಿದ್ದಾ!" ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. "ನಾನು ಲಿಸಿಯಾಟೆ ಏನೋ ನೋಡಬಾರದ್ದು ನೋಡ್ತಿದ್ದ ಅಂತ ಪಾದ್ರಿ ಹತ್ರ ಪ್ರಾರ್ಥನೆ ಮಾಡಿಸಿದೆನಲ್ಲೇ!"

ಅಷ್ಟು ದುಃಖದಲ್ಲೂ ಪಿಸಿಲಾಳಿಗೆ ನಗು ತಡೆಯಲಾಗಲಿಲ್ಲ.

"ಆದ್ರೆ ಆ ಮೂರು ಪತ್ರ ಎಲ್ಲಿ ಹೋದ್ವು?" ಎಂದಳು ಲುಪೆ.

ಅತ್ತೆ ಕೂಡಲೇ ಎದ್ದು ಹೋದರು. ಲಿಸಿಯಾಟೆಯ ಮನೆ ದೀವಿಹಲಸಿನ ಮರದ ಆಚೆಗಿತ್ತು. ಅರ್ಧ ಗಂಟೆ ಬಿಟ್ಟು ಬಂದಾಗ ಅವರ ಮುಖ ಇಳಿದಿತ್ತು.

"ಅವನೇ ಅಳಿಸಿದ್ನಂತೆ" ಎಂದರು. "'ಓದ್ಲಿಲ್ಲ ಅತ್ತೆ, ತಂಗಿ ಹೆಸರು ಕಾಣ್ತು, ಪಕ್ಕದಲ್ಲಿ ಆ ಮಾತು ಕಾಣ್ತು, ಕಣ್ಣು ಮುಚ್ಕೊಂಡು ಅಳಿಸಿಬಿಟ್ಟೆ, ಅವಳ ವಿಷಯ ನನ್ನ ಕಣ್ಣಿಗೆ ಬೀಳಬಾರದಲ್ಲ' ಅಂತ ಅಂದ. ಮೊದಲನೇದು ಹಾಡಿನ ಅಭ್ಯಾಸದ ದಿನ ಬೆಳಿಗ್ಗೆನೇ ಬಂದಿತ್ತಂತೆ, ಮೂರನ್ನೂ ಹಂಗೇ ಅಳಿಸಿದಾನೆ. ಪರೀಕ್ಷೆ ದಿನ ಅದ್ರಲ್ಲೇ ಇತ್ತು ಅಂತ ಹೇಳ್ದಾಗ ಗೋಡೆಗೆ ಹಣೆ ಒತ್ಕೊಂಡು ಅತ್ತ. ಆರಡಿ ಗಂಡಸು ಕಣೇ, ಮಗು ಥರ ಅತ್ತ."

ಪಿಸಿಲಾಳ ಕಣ್ಣು ತುಂಬಿತು. ಅಣ್ಣ ತನ್ನ ಬಗ್ಗೆ ಅಸಹ್ಯಪಟ್ಟಿದ್ದಾನೆ ಎಂದು ಅವಳು ಮೂರು ವಾರ ನೊಂದಿದ್ದಳು. ಅವನು ಮರ್ಯಾದೆ ಉಳಿಸಲು ಹೋಗಿ ಅವಳ ಜೀವಕ್ಕೇ ಕುತ್ತು ತರುವವನಿದ್ದ. ಇದರಲ್ಲಿ ಯಾರನ್ನು ಬೈಯುವುದು?

"ಅತ್ತೆ, ಒಂದು ಕೇಳ್ತೀನಿ" ಎಂದಳು ಲುಪೆ ಮೆಲ್ಲಗೆ. "ಲಿಸಿಯಾಟೆ ದೊಡ್ಡವನಾಗ್ತಿದ್ದ ಹಾಗೆ ಅವನಿಗೆ ಮಲಗೋಕೆ ಬೇರೆ ಗುಡಿಸ್ಲು ಕಟ್ಟಿಸಿದ್ದು ಯಾರು?"

"ನಾನೇ. ಮನೇಲಿ ಬೆಳೆದ ತಂಗಿ ಇದ್ಲಲ್ಲ."

"ಯಾಕೆ, ಅವನು ಕದ್ದು ಏನಾದ್ರೂ ಮಾಡ್ತಿದ್ನಾ? ಇವಳು ಮಾಡ್ತಿದ್ಲಾ?"

"ಥೂ, ಬಾಯಿ ತೊಳಕೊ! ಗುಟ್ಟೇ ಬೇರೆ, ಮರ್ಯಾದೆಯೇ ಬೇರೆ. ಅವರವರಿಗೆ ಅವರವರ ಜಾಗ ಇರ್ಬೇಕು ಅಂತ..." ಎಂದವರು ಅಲ್ಲೇ ನಿಂತರು. ತಮ್ಮ ಮಾತು ತಮಗೇ ಕೇಳಿಸಿತು. ತೊಗಟೆಯ ಚೂರೊಂದನ್ನು ಬೆರಳಲ್ಲಿ ತಿರುವಿ ಕೆಳಗಿಟ್ಟು, "ಸರಿ. ಫೋನ್ ತೆಗಿ. ಯಾವ ಕಂಪನಿ ತೋರಿಸ್ತೀಯೋ ತೋರ್ಸು. ಪರೀಕ್ಷೆ ಮಾತ್ರ ನಾನು ಮಾಡ್ತೀನಿ" ಎಂದರು.

ಅತ್ತೆ ಮದುವೆಗೆ ಗಂಡು ನೋಡುವಂತೆ ಕಂಪನಿಗಳನ್ನು ನೋಡಿದರು. ಮೊದಲನೆಯದಕ್ಕೆ ಅವರು ಕೇಳಿದ್ದು ಒಂದೇ ಮಾತು: "ಇವರ ಒಲೆ ಹೇಗೆ ಉರಿಯುತ್ತೆ?"

"ಎಲ್ಲಾ ಪುಕ್ಕಟೆ. ಜಾಹೀರಾತಿಂದ ದುಡಿತಾರಂತೆ."

"ಅಂದ್ರೆ ಸೌದೆ ನಾವೇ. ಬೇಡ. ಮುಂದೆ."

ಎರಡನೆಯ ಕಂಪನಿಯ ಪುಟದ ತುಂಬ ಬೀಗದ ಚಿತ್ರ, ಗುರಾಣಿಯ ಚಿತ್ರ. ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ ಎಂದು ದೊಡ್ಡ ಅಕ್ಷರದಲ್ಲಿತ್ತು. ಪಿಸಿಲಾಳಿಗೆ ನೋಡಿದ ಕೂಡಲೇ ಹಿಡಿಸಿತು. ಲುಪೆ ಕೆಳಗಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟಳು. ಫೋನಿನಲ್ಲಿರುವ ಎಲ್ಲರ ನಂಬರು, ಎಲ್ಲಿ ಓಡಾಡುತ್ತೀರಿ ಎನ್ನುವ ವಿವರ ತಮಗೆ ಬೇಕು, ಅದನ್ನು ಪಾಲುದಾರರ ಜೊತೆ ಹಂಚಿಕೊಳ್ಳುತ್ತೇವೆ ಎಂದು ಬರೆದಿತ್ತು.

"ಪಾಲುದಾರರು ಯಾರು?" ಎಂದಳು ಪಿಸಿಲಾ.

"ಅದನ್ನ ಹೇಳಿಲ್ಲ."

"ಮನೆತನ ಹೇಳದೆ ಹೆಣ್ಣು ಕೇಳೋಕೆ ಬಂದೋನು. ಅಂಗಳದಿಂದಲೇ ಕಳಿಸು" ಎಂದರು ಅತ್ತೆ.

ಮೂರನೆಯದು ನೋಡಲು ಸಪ್ಪೆಯಾಗಿತ್ತು. ತಿಂಗಳ ಚಂದಾ ಕೊಡುವವರಿಂದ ಅವರು ಬದುಕುತ್ತಾರಂತೆ. ಸಣ್ಣ ಪೆಟ್ಟಿಗೆಯಾದರೆ ಚಂದಾ ಬೇಡ, ಅದರಲ್ಲೂ ಜಾಹೀರಾತು ಇಲ್ಲ. ಪೆಟ್ಟಿಗೆಯಲ್ಲಿರುವ ಪತ್ರಕ್ಕೆ ಹಾಕಿದ ಬೀಗದ ಕೀಲಿ ಪೆಟ್ಟಿಗೆಯ ಒಡತಿಯ ಬಳಿ ಮಾತ್ರ. ಬೀಗವನ್ನು ಹೇಗೆ ಮಾಡಿದ್ದೇವೆ ಎಂದು ಎಲ್ಲರಿಗೂ ತೋರಿಸಿದ್ದರು. ಹೊರಗಿನ ಪರೀಕ್ಷಕರು ಬಂದು ನೋಡಿ ಬರೆದದ್ದೂ ಅಲ್ಲಿತ್ತು.

"ಬೀಗ ಮಾಡೋದನ್ನ ತೋರಿಸಿದ್ರೆ ಕಳ್ಳನಿಗೇ ಅನುಕೂಲ ಅಲ್ವಾ?" ಎಂದರು ಅತ್ತೆ.

"ಬೀಗದ ರೀತಿ ಗೊತ್ತಾದ್ರೆ ಏನಾಯ್ತು? ಕೀಲಿ ಬೇಕಲ್ಲ. ಬೀಗ ಗಟ್ಟಿನಾ ಅಂತ ಹತ್ತು ಜನ ತಿಳಿದೋರು ಎಳೆದು ನೋಡೋಕಾಗುತ್ತೆ, ಅದು ಒಳ್ಳೇದೇ."

"ಇವಳು ಕೀಲಿ ಕಳಕೊಂಡ್ರೆ?"

"ಅದು ಕೇಳ್ಬೇಕಾದ ಮಾತು" ಎಂದಳು ಲುಪೆ. "ಪಾಸ್‌ವರ್ಡ್ ಮರೆತ್ರೆ ಅಂತ ಹನ್ನೆರಡು ಪದ ಕೊಡ್ತಾರೆ. ಅದನ್ನ ಕಾಗದದ ಮೇಲೆ ಬರೆದು ಇಟ್ಕೊಬೇಕು. ಫೋನಲ್ಲಿ ಫೋಟೋ ತೆಗೆದಿಡಬಾರದು. ಅದೂ ಕಳೆದ್ರೆ ಹಳೇ ಪತ್ರಗಳು ಹೋದಂಗೇ. ಕಂಪನಿಯೋರು ಕಾಲಿಗೆ ಬಿದ್ರೂ ತೆಗೆದುಕೊಡೋಕಾಗಲ್ಲ."

"ಅವರಿಗೇ ಆಗಲ್ಲ ಅಂದ್ರೆ ಬೇರೆ ಯಾರಿಗೂ ಆಗಲ್ಲ" ಎಂದರು ಅತ್ತೆ. ಮೊದಲ ಸಲ ಅವರ ಮುಖದಲ್ಲಿ ಸಮಾಧಾನ ಕಂಡಿತು. "ಇನ್ನೇನು ದೋಷ ಇದೆ? ಮುಚ್ಚಿಡಬೇಡ. ದೋಷ ಇಲ್ದಿರೋ ಗಂಡನ್ನ ನಾನು ನಂಬಲ್ಲ."

ಲುಪೆ ನಕ್ಕಳು. "ಇದೆ ಅತ್ತೆ. ಪತ್ರದ ತಲೆಮೇಲೆ ಬರೆಯೋ ಸಾಲು ಬೀಗದೊಳಗೆ ಬರಲ್ಲ. ಅಲ್ಲಿ ಗಂಟು ಗಿಂಟು ಅಂತ ಬರೀಬಾರದು, ಬರೀ ನಮಸ್ಕಾರ ಅಂತ ಬರೀಬೇಕು. ಇನ್ನೊಂದು, ಆ ಕಡೆಯೋರದ್ದು ಪುಕ್ಕಟೆ ಕಂಪನಿ ಆದ್ರೆ, ನಾವು ಕಳಿಸಿದ್ದು ಅವರ ಪೆಟ್ಟಿಗೇಲಿ ಬಿಚ್ಚಿಕೊಂಡೇ ಇರುತ್ತೆ. ಡಾಕ್ಟ್ರ ಪೆಟ್ಟಿಗೆನೂ ಇದೇ ಕಂಪನೀದು, ನಮ್ಮ ಪುಣ್ಯ. ಬೇರೆಯೋರಿಗಾದ್ರೆ ಪತ್ರಕ್ಕೊಂದು ಪಾಸ್‌ವರ್ಡ್ ಹಾಕಿ, ಅದನ್ನ ಫೋನಲ್ಲಿ ಬಾಯಲ್ಲೇ ಹೇಳ್ಬೇಕು."

ಪೆಟ್ಟಿಗೆ ಆಯಿತು. ಪಾಸ್‌ವರ್ಡನ್ನು ಪಿಸಿಲಾ ಮುಖ ತಿರುಗಿಸಿಕೊಂಡು ಬರೆದಳು. ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದ್ದು, ಉದ್ದನೆಯದು, ಯಾವ ಪ್ರಾಣಿಯ ಹೆಸರೂ ಅದರಲ್ಲಿರಲಿಲ್ಲ. ಫೋನಿಗೂ ಬೀಗ ಹಾಕಿದಳು. ಹನ್ನೆರಡು ಪದದ ಕಾಗದವನ್ನು ತನ್ನ ಮದುವೆಯ ನಾರುಬಟ್ಟೆಯ ಮಡಿಕೆಯೊಳಗೆ ಇಟ್ಟಳು. ಆ ಪೆಟ್ಟಿಗೆಯಿಂದ ಅವಳು ಬರೆದ ಮೊದಲ ಪತ್ರ ಎರಡೇ ಸಾಲಿನದು: ಗುರುವಾರ ಬರುತ್ತೇನೆ. ಇನ್ನು ಮುಂದೆ ದಯವಿಟ್ಟು ಇಲ್ಲಿಗೇ ಬರೆಯಿರಿ.

ಎರಡನೆಯ ಪತ್ರವನ್ನು ಗಂಡನಿಗೆ ಬರೆದಳು. ಗಂಟಿನ ಸುದ್ದಿ, ತನ್ನ ಹೆದರಿಕೆ, ರಾತ್ರಿ ನಿದ್ದೆ ಬಾರದ್ದು, ಎಲ್ಲವನ್ನೂ ಬರೆದಳು. ಅದರ ಪಾಸ್‌ವರ್ಡನ್ನು ಫೋನಿನಲ್ಲಿ ಅವನ ಕಿವಿಗೆ ಹೇಳಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಅವನಿಗೊಬ್ಬನಿಗೇ ಎಂದು ಅವಳು ಬರೆದದ್ದು ಅದೇ ಮೊದಲು. ಬರೆದು ಮುಗಿಸಿದಾಗ ಎದೆ ಹಗುರಾಯಿತು.

ಅತ್ತೆ ಲಿಸಿಯಾಟೆಗೆ ಹೇಳಿದ್ದು ಇಷ್ಟೇ: "ನಿನ್ನ ತಂಗಿ ಪತ್ರ ಇನ್ಮೇಲೆ ನಿನ್ನ ಕಣ್ಣಿಗೆ ಬೀಳಲ್ಲ. ನೀನು ಹೆದರ್ಕೊಂಡು ಪೆಟ್ಟಿಗೆ ತೆಗೀಬೇಕಾಗಿಲ್ಲ." ಗುರುವಾರ ಬೆಳಿಗ್ಗೆ ಪಿಸಿಲಾ ಪಟ್ಟಣಕ್ಕೆ ಹೊರಟಾಗ ಅಣ್ಣನ ಟ್ರಕ್ಕು ಅಂಗಳದ ಮುಂದೆ ನಿಂತಿತ್ತು. ಅವನು ಕೂತಿರಲಿಲ್ಲ, ಓಡಿಸಲು ಅತ್ತಿಗೆಯನ್ನು ಕಳಿಸಿದ್ದ. ಕೂರುವ ಜಾಗದ ಮೇಲೆ ಹೊಸ ದಿಂಬೊಂದಿತ್ತು.

ಸೂಜಿ ಚುಚ್ಚಿದ್ದು ಒಂದು ನಿಮಿಷ. ಕಾದದ್ದು ಹನ್ನೊಂದು ದಿನ.

ಸೋಮವಾರ ಹೆಂಗಸರೆಲ್ಲ ಉದ್ದನೆಯ ಹಲಗೆಯ ಎರಡೂ ಬದಿ ಕೂತು ನಾರುಬಟ್ಟೆಯ ತುಂಡುಗಳಿಗೆ ಅಂಟು ಹಚ್ಚಿ ಜೋಡಿಸುತ್ತಿದ್ದರು. ಪಿಸಿಲಾಳ ಫೋನು ಸದ್ದು ಮಾಡಿತು. ಒಂದು ಪತ್ರ. ತಲೆಬರಹ ನಮಸ್ಕಾರ ಅಂತಷ್ಟೇ ಇತ್ತು. ಎದುರಿಗೆ ಕೂತ ಅತ್ತೆಯ ಕೈ ಅಭ್ಯಾಸಬಲದಿಂದ ಫೋನಿನ ಕಡೆ ಚಾಚಿತು. ಅರ್ಧ ದಾರಿಯಲ್ಲೇ ನಿಂತಿತು. ಅವರು ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ನಿಂದು. ನೀನು ಓದ್ಕೊ" ಎಂದರು ಮೆಲ್ಲಗೆ. "ಹೇಳ್ಬೇಕು ಅನ್ನಿಸಿದ್ರೆ ಹೇಳು. ಇಲ್ದಿದ್ರೆ ಬೇಡ."

ಪಿಸಿಲಾ ಎದ್ದು ಹೊರಗೆ ಹೋಗಿ ಮರದ ಕೆಳಗೆ ನಿಂತು ಓದಿದಳು. ಒಂದು ಸಲ ಓದಿದಳು. ನಂಬಿಕೆಯಾಗದೆ ಇನ್ನೊಂದು ಸಲ ಓದಿದಳು. ಗಂಟು ಕೆಟ್ಟದ್ದಲ್ಲ, ಆರು ತಿಂಗಳಿಗೆ ಮತ್ತೆ ತೋರಿಸಿದರೆ ಸಾಕು ಎಂದು ವೈದ್ಯೆ ಬರೆದಿದ್ದರು. ಅವಳು ಮರಕ್ಕೆ ಒರಗಿ ತನಗೆ ಬೇಕಾದಷ್ಟು ಹೊತ್ತು ಅತ್ತಳು. ಆ ಸುದ್ದಿ ಇಡೀ ಊರಿನಲ್ಲಿ ಅಷ್ಟು ಹೊತ್ತು ಅವಳೊಬ್ಬಳದೇ ಆಗಿತ್ತು. ಆಮೇಲೆ ಒಳಗೆ ಬಂದು ಅತ್ತೆಯ ಕಿವಿಯಲ್ಲಿ ಹೇಳಿದಳು.

ಅತ್ತೆ ಅಂಟಿನ ಕೈಯಲ್ಲೇ ಅವಳನ್ನು ಅಪ್ಪಿಕೊಂಡುಬಿಟ್ಟರು. "ಏನಂತೆ? ಏನಂತೆ?" ಎಂದು ಹತ್ತು ಬಾಯಿ ಕೇಳಿದವು.

"ಕೇಳೋಕೆ ನೀವ್ಯಾರೇ?" ಎಂದು ಅತ್ತೆ ಗದರಿದರು. "ಅವಳ ಪತ್ರ, ಅವಳಿಷ್ಟ. ಬಟ್ಟೆ ಎಳೀರಿ!"

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಇಮೇಲಿನಲ್ಲಿ ಏನೇನಿದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ವೈದ್ಯರ ಮಾತಿದೆ, ಮಕ್ಕಳ ಅಂಕಗಳಿವೆ, ಹೆಂಡತಿ ಗಂಡನಿಗೆ ಹೇಳಿಕೊಂಡ ಅಳಲಿದೆ. ಅದನ್ನು ಕಾಯುವ ಕಂಪನಿಯನ್ನು ಆರಿಸುವ ಮುಂಚೆ ನಮ್ಮ ಟೆಲೆಸಿಯಾ ಅತ್ತೆ ಕೇಳಿದಂತೆ ಕೇಳಿ. ನಿಮ್ಮ ಒಲೆ ಹೇಗೆ ಉರಿಯುತ್ತದೆ? ನನ್ನ ಪತ್ರದ ಕೀಲಿ ಯಾರ ಬಳಿ ಇದೆ? ಆ ಕೀಲಿ ಕಳೆದರೆ ಏನು ಗತಿ? ನನ್ನ ಬಗ್ಗೆ ಏನೇನು ಕೂಡಿಡುತ್ತೀರಿ, ಯಾರಿಗೆ ಕೊಡುತ್ತೀರಿ? ಬೀಗದ ಚಿತ್ರ ನೋಡಿ ಮರುಳಾಗಬೇಡಿ, ಸಣ್ಣ ಅಕ್ಷರ ಓದಿ. ನಿಮಗೆ ಓದಲು ಕಷ್ಟವಾದರೆ ತಿಳಿದವರ ಕೈಲಿ ಓದಿಸಿ. ಒಬ್ಬೊಬ್ಬರಿಗೂ ಅವರದೇ ಪೆಟ್ಟಿಗೆ, ಅವರದೇ ಪಾಸ್‌ವರ್ಡು ಇರಲಿ. ಮುಚ್ಚಿಡಲು ನನಗೇನಿದೆ ಎನ್ನುವವರು ನಿಮ್ಮ ಮನೆಯಲ್ಲೂ ಇರುತ್ತಾರೆ. ಅವರ ಪಕ್ಕ ಕೂತು ಈ ಕಥೆ ಓದಿ ಹೇಳಿ. ಹೇಳಲಾಗದೆ ನೋವು ನುಂಗಿಕೊಂಡು ಕೂತ ಹೆಣ್ಣುಮಗಳೊಬ್ಬಳು ಅದೇ ಮನೆಯಲ್ಲಿರಬಹುದು, ಅವಳಿಗೂ ಕೇಳಿಸಲಿ.